ಮಕ್ಕಳಿಗೆ ಓದಿಸುವ ಕೆಲಸಕ್ಕೆ ಸಿಕ್ಕುವ ಕೂಲಿ

ವಾರಕ್ಕೊಂದು ದಿನ, ಎರಡು ಗಂಟೆಯ ಹೊತ್ತು, ಕೂಲಿಕಾರರ ಮಕ್ಕಳನ್ನು ಒಂದೆಡೆ ಕೂಡಿಸಿ ಕಥೆಪುಸ್ತಕ ಓದಿಸುವ ಕೆಲಸವನ್ನು ನಮ್ಮ ಜಿಲ್ಲೆಯಲ್ಲಿ ನಾವು ಕೆಲವರು ನಡೆಸಿಕೊಂಡು ಬರುತ್ತಿದ್ದೇವೆ. ಇದನ್ನು ಬಲ್ಲವರು ಆಗಾಗ ಕೇಳುವ ಪ್ರಶ್ನೆ ಒಂದೇ: "ಇದರಿಂದ ನಿಮಗೇನು ಸಿಕ್ಕುತ್ತದೆ?" ಕೇಳುವವರಲ್ಲಿ ಮಾತ್ರ ಎರಡು ಬಗೆ. ಲಾಭವಿಲ್ಲದೆ ಹುಲ್ಲುಕಡ್ಡಿಯನ್ನೂ ಎತ್ತಿಡದ ಜನ ಕೇಳುವುದು ಒಂದು ಬಗೆ. ಅವರಿಗೆ ನಮ್ಮ ಹಿಂದೆ ಯಾವುದೋ ಚುನಾವಣೆಯೋ ಯಾರದೋ ದೇಣಿಗೆಯೋ ಇರಲೇಬೇಕೆಂಬ ಗುಮಾನಿ. ನಮ್ಮ ಪಕ್ಕದಲ್ಲಿಯೇ ಧರಣಿ ಕುಳಿತ ಸಂಗಾತಿಗಳು ಕೇಳುವುದು ಇನ್ನೊಂದು ಬಗೆ. ಭೂಮಿಯ ಪ್ರಶ್ನೆ ಹಾಗೆಯೇ ಉಳಿದಿದೆ, ನಿವೇಶನದ ಅರ್ಜಿಗಳು ಕಚೇರಿಯಲ್ಲಿ ಕೊಳೆಯುತ್ತಿವೆ, ಹೀಗಿರುವಲ್ಲಿ ನೀವು ಕಾಗಕ್ಕ ಗುಬ್ಬಕ್ಕನ ಕಥೆಗೆ ಇಳಿದಿರಾ ಎಂಬುದು ಅವರ ಮಾತು. ಮೊದಲನೆಯವರಿಗೆ ಉತ್ತರ ಕೊಟ್ಟು ಪ್ರಯೋಜನವಿಲ್ಲ. ಎರಡನೆಯವರಿಗೆ ಕೊಡಬೇಕಾದುದು ನಮ್ಮ ಕರ್ತವ್ಯ.

ಮೊದಲು ಮಕ್ಕಳ ಸ್ಥಿತಿ ಏನೆಂಬುದನ್ನು ನೋಡೋಣ. ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಓದನ್ನು ಪರೀಕ್ಷಿಸುವ ಅಸರ್ ವರದಿಯ ಹೆಸರನ್ನು ಓದುಗ ಮಿತ್ರರು ಕೇಳಿರಬಹುದು. 2024ರ ಆ ವರದಿಯ ಪ್ರಕಾರ, ಐದನೆಯ ತರಗತಿಯ ನೂರು ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಅರ್ಧಕ್ಕಿಂತ ಕಡಮೆ, ಅಂದರೆ 48.8. ಶಾಲೆಗಳು ಮುಚ್ಚಿದ್ದ ಕೊರೋನಾ ಕಾಲದ ಪೆಟ್ಟು ಕಂಡ 2022ರಲ್ಲಿ ಇದು 42.8ಕ್ಕೆ ಇಳಿದಿದ್ದಿತು, ಎರಡು ವರುಷದಲ್ಲಿ ಏರಿದೆ ಎಂಬುದು ನಿಜ. ಆದರೆ ಏರಿದ ಮೇಲಿನ ಲೆಕ್ಕವೇ ಇದು! ಐದು ವರುಷ ಬೆಂಚಿನ ಮೇಲೆ ಕುಳಿತು ಎದ್ದ ಮಕ್ಕಳಲ್ಲಿ ಅರ್ಧಕ್ಕರ್ಧ ಜನ ಪುಸ್ತಕದ ಮುಂದೆ ಮೂಕರಾಗಿದ್ದಾರೆ. ಈ ಅರ್ಧದಲ್ಲಿ ಯಾರ ಮಕ್ಕಳಿದ್ದಾರೆ ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಾಹುಕಾರರ ಮಕ್ಕಳಿಗೆ ಮನೆಪಾಠದವರಿದ್ದಾರೆ. ಗದ್ದೆ ನಾಟಿಗೆ, ಅಡಿಕೆ ಸುಲಿಯಲಿಕ್ಕೆ, ಅಕ್ಕಿಗಿರಣಿಯ ಹಮಾಲಿಗೆ ಹೋಗುವವರ ಮಕ್ಕಳಿಗೆ ಯಾರಿದ್ದಾರೆ?

ಮಗು ಓದಲಾರದು ಎಂದರೆ ಏನೆಂಬುದನ್ನು ಹತ್ತಿರ ಕುಳಿತು ನೋಡಿದವರೇ ಬಲ್ಲರು. ಆ ಮಗುವಿಗೆ ಅಕ್ಷರ ಬಾರದೆಂದಲ್ಲ. ನಮ್ಮ ವರ್ಣಮಾಲೆಯ ನಲವತ್ತೊಂಬತ್ತನ್ನೂ ಅದು ಹಾಡಿನಂತೆ ಒಪ್ಪಿಸುತ್ತದೆ. ಮೂವತ್ತನಾಲ್ಕು ವ್ಯಂಜನಕ್ಕೆ ಕಾಗುಣಿತ ಸೇರಿದರೆ ರೂಪಗಳು ನಾನೂರನ್ನು ಮೀರುತ್ತವೆ. ಅದರಲ್ಲಿ ಬಹುಪಾಲನ್ನೂ ಗುರುತು ಹಿಡಿಯುತ್ತದೆ. ತೊಡಕಿರುವುದು ಸಾಲಿನಲ್ಲಿ. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಕ-ಕ್ಕೆ ಕೊಂಬು ಕು, ದ-ಕ್ಕೆ ಗುಡಿಸು ದಿ ಎಂದು ಗುನುಗುತ್ತ ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಮೊದಲ ಮಾತು ಮರೆತುಹೋಗಿರುತ್ತದೆ. ಬಾಯಿ ಓದಿತು, ಬುದ್ಧಿಗೆ ಏನೂ ಮುಟ್ಟಲಿಲ್ಲ. ಒತ್ತಕ್ಷರ ಬಂತೆಂದರೆ ಗಾಡಿ ನಿಂತೇಹೋಯಿತು. ‘ಸ್ವಾತಂತ್ರ್ಯ’ ಎಂಬ ಪದವನ್ನೇ ತೆಗೆದುಕೊಳ್ಳಿ. ಸ-ಕ್ಕೆ ವ-ಒತ್ತು, ತ-ಕ್ಕೆ ರ-ಒತ್ತು, ಅದರ ಮೇಲೆ ಮತ್ತೆ ಯ-ಒತ್ತು. ಪಡೆಯುವುದಿರಲಿ, ಓದುವುದಕ್ಕೇ ಇಷ್ಟು ಕಷ್ಟವಾದ ಪದ ನಮ್ಮ ಭಾಷೆಯಲ್ಲಿ ಹೆಚ್ಚಿಲ್ಲ! ಇದರ ಜೊತೆಗೆ ಮನೆಯ ಮಾತು ಬೇರೆ, ಪುಸ್ತಕದ ಮಾತು ಬೇರೆ. ತಾಂಡಾದ ಮಗುವಿನ ಮನೆಯಲ್ಲಿ ಲಂಬಾಣಿ, ಪೇಟೆಯ ಅಂಚಿನ ಓಣಿಯಲ್ಲಿ ಉರ್ದು, ತಮಿಳು, ತುಳು. ಕನ್ನಡವನ್ನೇ ಆಡುವ ಮನೆಯಲ್ಲಿ ಸಹ ಮಹಾಪ್ರಾಣವೆಂಬುದು ಯಾರ ನಾಲಿಗೆಯ ಮೇಲೂ ಇರುವುದಿಲ್ಲ. ಶಾಲೆಯಲ್ಲಿ ಇದನ್ನು ತಿದ್ದುವುದಕ್ಕೆ ಹೊತ್ತೂ ಇಲ್ಲ. ಒಬ್ಬರೇ ಮೇಷ್ಟರು ಎರಡು ಮೂರು ತರಗತಿಯನ್ನು ಒಂದೇ ಕೋಣೆಯಲ್ಲಿ ನಡೆಸುವ ಶಾಲೆಗಳು ಇಂದಿಗೂ ಇವೆ. ಪಾಠ ಮುಂದಕ್ಕೆ ಹೋಗುತ್ತದೆ, ಮಗು ಹಿಂದಕ್ಕೆ ಉಳಿಯುತ್ತದೆ.

ಇಲ್ಲಿಯೇ ನಮ್ಮಂಥವರ ಕೆಲಸ. ಇದಕ್ಕೆ ದೊಡ್ಡ ವಿದ್ಯೆ ಬೇಕಾಗಿಲ್ಲ. ಚೆನ್ನಾಗಿ, ಗಟ್ಟಿಯಾಗಿ, ನಾಟಕದ ದನಿಯಲ್ಲಿ ಕಥೆ ಓದಿ ಹೇಳಬಲ್ಲ ಒಬ್ಬರು ಬೇಕು. ಮಗು ತನಗೆ ಬೇಕಾದುದನ್ನು ತಾನೇ ಆರಿಸಿಕೊಳ್ಳುವಷ್ಟು ಪುಸ್ತಕ ಬೇಕು. ಓದುವಾಗ ತಪ್ಪಿದರೆ ನಗದವರು ಪಕ್ಕದಲ್ಲಿ ಬೇಕು. ಮೊದಲು ನಾವು ಓದುವುದು, ಆಮೇಲೆ ಕೂಡಿ ಓದುವುದು, ಕೊನೆಗೆ ಮಗು ತಾನಾಗಿ ಓದುವುದು. ಪರೀಕ್ಷೆ ಇಲ್ಲ, ಬಹುಮಾನ ಇಲ್ಲ. ಕಥೆ ಮುಗಿದೊಡನೆ "ಇದರಿಂದ ಕಲಿತ ನೀತಿ ಏನು?" ಎಂದು ಮಗುವಿನ ಕುತ್ತಿಗೆ ಹಿಡಿಯುವ ಪದ್ಧತಿಯೂ ನಮ್ಮಲ್ಲಿ ಇಲ್ಲ. ನರಿ ಮೋಸ ಮಾಡಿದ ಕಥೆ ಕೇಳಿ ಮಕ್ಕಳು ನರಿಯ ಪಕ್ಷವನ್ನೇ ಹಿಡಿದರೂ ನಮ್ಮ ಆಕ್ಷೇಪಣೆಯಿಲ್ಲ. ಆ ನರಿಗೆ ಹಸಿವಾಗಿತ್ತು ಎಂದು ಒಬ್ಬ ಹುಡುಗ ವಾದಿಸಿದ. ಅಂಥ ವಾದ ನಮಗೆ ತಾಲ್ಲೂಕು ಕಚೇರಿಯಲ್ಲಿ ಎಂದೂ ಕೇಳಸಿಕ್ಕಿಲ್ಲ.

ಇನ್ನು ಕೂಲಿಯ ಲೆಕ್ಕ. ಮೊದಲ ಕೂಲಿ ಸಿಕ್ಕುವುದು ನಾಲ್ಕೈದು ತಿಂಗಳು ಕಳೆದ ಮೇಲೆ. ಅಷ್ಟು ದಿನವೂ ಬೆರಳಿಟ್ಟು ಅಕ್ಷರ ಕೂಡಿಸುತ್ತಿದ್ದ ಹುಡುಗಿ ಒಂದು ದಿನ ಓದುತ್ತ ಓದುತ್ತ, ಸಾಲು ಇನ್ನೂ ಮುಗಿಯದಿರುವಾಗಲೇ ಫಕ್ಕನೆ ನಗುತ್ತಾಳೆ. ನಗುವಂಥ ಮಾತು ಆ ಸಾಲಿನಲ್ಲಿ ಇರುತ್ತದೆ. ಆ ನಗೆಯ ಅರ್ಥವೆಂದರೆ, ಅಕ್ಷರ ಒಡೆದು ಒಳಗಿನ ಮಾತು ಹೊರಗೆ ಬಂತು. ಆಮೇಲೆ ಆಕೆಗೆ ನಾವು ಬೇಕಾಗಿಲ್ಲ. ಮುಂದಿನ ವಾರ ನಮ್ಮನ್ನು ಕೇಳದೆಯೇ ಕಪಾಟಿನ ಮುಂದೆ ನಿಂತು ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುತ್ತಾಳೆ. ನಮ್ಮ ಕೆಲಸ ಯಾರಿಗೂ ಬೇಡವಾಗುವುದೇ ನಮ್ಮ ಸಂಬಳ. ಅನೇಕ ವರುಷ ಸಭೆ, ಮೆರವಣಿಗೆ, ಠರಾವುಗಳಲ್ಲಿ ಕಳೆದವರು ನಾವು. ನಮ್ಮ ಕೆಲಸದ ಫಲವನ್ನು ಹೀಗೆ ಕಣ್ಣೆದುರಿಗೆ ಕಂಡ ಸಂದರ್ಭ ಅಲ್ಲೆಲ್ಲ ಬಹಳ ಕಡಮೆ.

ಎರಡನೆಯದು ಮಾತಿನ ಸಂಪಾದನೆ. ಪುಸ್ತಕದಲ್ಲಿ ‘ಮೊರ’ ಎಂದಿದ್ದರೆ ಮಗು ಚಿತ್ರ ನೋಡಿ, "ಇದು ಗೆರಸಿ" ಎನ್ನುತ್ತದೆ. ಚಿತ್ರದಲ್ಲಿ ಕೊಡೆ ಹಿಡಿದು ಗದ್ದೆಯಲ್ಲಿ ನಿಂತ ಹೆಂಗಸನ್ನು ಕಂಡು, "ಕೊಡೆ ಹಿಡಿದುಕೊಂಡು ನಾಟಿ ಹೇಗೆ ಮಾಡುವುದು? ನಮ್ಮ ಅಜ್ಜಿ ಗೊರಬು ಹಾಕುತ್ತಿದ್ದಳು" ಎಂದು ತಪ್ಪು ಹಿಡಿಯುತ್ತದೆ. ತಪ್ಪು ಸರಿಯಾಗಿಯೇ ಇದೆ. ಪುಸ್ತಕ ಬರೆದವರಾಗಲಿ ಚಿತ್ರ ಬರೆದವರಾಗಲಿ ಮಲೆನಾಡಿನ ಮಳೆಯಲ್ಲಿ ಬಗ್ಗಿ ನಾಟಿ ಮಾಡಿದವರಲ್ಲವೆಂಬುದನ್ನು ಒಂಬತ್ತು ವರುಷದ ಮಗು ಕಂಡುಹಿಡಿಯಿತು. ನಾವು ಒಂದು ನೋಟುಬುಕ್ಕು ಇಟ್ಟು ಮಕ್ಕಳು ತಂದ ಇಂಥ ಪದಗಳನ್ನು ಬರೆದಿಡುತ್ತಿದ್ದೇವೆ. ಈಗಾಗಲೇ ಅರ್ಧ ತುಂಬಿದೆ. ತನ್ನ ಮನೆಯ ಮಾತಿಗೆ ಪುಸ್ತಕದ ಮಾತಿನಷ್ಟೇ ಬೆಲೆಯುಂಟೆಂದು ತಿಳಿದ ಮಗು ಪುಸ್ತಕಕ್ಕೆ ಹೆದರುವುದಿಲ್ಲ. ನಮ್ಮ ಪಂಡಿತರು ಇದನ್ನು ಒಪ್ಪುವರೋ ಇಲ್ಲವೋ, ನಮಗೆ ಅನುಭವದಿಂದ ಗೊತ್ತಾದುದು ಇದು.

ಮೂರನೆಯದನ್ನು ಹೇಳುವಾಗ ಸ್ವಲ್ಪ ಎಚ್ಚರದಿಂದ ಹೇಳಬೇಕು. ಓದು ಮಗುವಿನ ಸಂತೋಷಕ್ಕೆ. ಅದನ್ನು ಕಾಗದಪತ್ರ ನೋಡುವ ಗುಮಾಸ್ತೆಯ ಕೆಲಸಕ್ಕೆ ಹೂಡುವುದು ನಮ್ಮ ಉದ್ದೇಶವಲ್ಲ. ಆದರೆ ಮನೆಯಲ್ಲಿ ಓದಬಲ್ಲವರು ಒಬ್ಬರಾದರೆಂದರೆ ಉಳಿದುದು ತಾನಾಗಿ ನಡೆಯುತ್ತದೆ. ಕೈಸಾಲದ ಕಂಪನಿಯವರು ಕೊಟ್ಟ ಕಂತಿನ ಕಾರ್ಡನ್ನು ಒಬ್ಬ ತಾಯಿ ಮಗಳ ಕೈಗೆ ಕೊಟ್ಟು ಓದಿಸಿದಳು. ತಾನು ಕಟ್ಟಿದ ಕಂತು ಎಷ್ಟು, ಕಾರ್ಡಿನಲ್ಲಿ ಏರಿಸಿದ್ದು ಎಷ್ಟು ಎಂಬುದು ಆಗ ತಿಳಿಯಿತು. ಎರಡು ವಾರದ ಹಣ ಕಾಣೆಯಾಗಿದ್ದಿತು. ಮರುದಿನ ಓಣಿಯ ಹನ್ನೊಂದು ಮನೆಯ ಕಾರ್ಡುಗಳು ಆ ಹುಡುಗಿಯ ಮುಂದೆ ಬಂದವು. ಇಂಥ ಸಾಲಗಳ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತೆಂಬುದನ್ನು ಓದುಗರು ಬಲ್ಲರು. ಆಜ್ಞೆ ಬೆಂಗಳೂರಿನಲ್ಲಿ ಹೊರಟಿತು, ಸರಿ. ಕಾರ್ಡನ್ನು ಓಣಿಯಲ್ಲಿ ಓದುವವರು ಬೇಡವೆ? ಭೂಮಿಯ ಪ್ರಶ್ನೆ ಬಿಟ್ಟು ಕಥೆಗೆ ಇಳಿದಿರೆಂದು ಹೇಳುವ ಸಂಗಾತಿಗಳು ಈ ಹನ್ನೊಂದು ಕಾರ್ಡುಗಳನ್ನು ಗಮನಿಸಬೇಕು. ಪಹಣಿಯನ್ನು ಓದಲಾರದವನ ಭೂಮಿ ಎಷ್ಟು ದಿನ ಅವನ ಹತ್ತಿರ ಉಳಿದೀತು?

ನಾಲ್ಕನೆಯ ಕೂಲಿ ಸಲ್ಲುವುದು ಓದಿಸಲು ಬರುವ ತರುಣರಿಗೆ. ಇದನ್ನು ನಾವು ಎಲ್ಲಕ್ಕಿಂತ ದೊಡ್ಡದೆಂದು ಎಣಿಸಿದ್ದೇವೆ. ಕಾಲೇಜಿನ ಹುಡುಗ ಹುಡುಗಿಯರು ಬರುತ್ತಾರೆ. ಅವರಲ್ಲಿ ಅನೇಕರು ಹುಟ್ಟಿದಾರಭ್ಯ ತಮ್ಮ ಊರಿನ ಕೇರಿಯೊಳಕ್ಕೆ ಕಾಲಿಟ್ಟವರಲ್ಲ. ಊರ ನಡುವಣ ಗ್ರಂಥಾಲಯಕ್ಕೆ ಕೇರಿಯ ಮಕ್ಕಳು ಬಂದು ಬಾಗಿಲಲ್ಲಿ ನಿಂತು ಹಿಂದಿರುಗುವುದುಂಟು. ಯಾರೂ ತಡೆದಿರುವುದಿಲ್ಲ, ಒಳಕ್ಕೆ ಕರೆದೂ ಇರುವುದಿಲ್ಲ. ಆದಕಾರಣ ಓದಿನ ಕೂಟವನ್ನು ಮೊದಲು ಕೇರಿಯ ಸಮುದಾಯ ಭವನದಲ್ಲಿಯೇ ಹೂಡಬೇಕೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಊರಿನ ಮಕ್ಕಳು ಬೇಕಾದರೆ ಅಲ್ಲಿಗೆ ಬರಲಿ. ಬಂದೂ ಬರುತ್ತಾರೆ; ಕಥೆಯ ಆಸೆ ಜಾತಿಯ ಗೋಡೆಗಿಂತ ಬಲವಾದುದು, ಎಂಟು ವರುಷದೊಳಗಿನವರಲ್ಲಂತೂ ಇದರಲ್ಲಿ ಸಂಶಯವಿಲ್ಲ. ಕೆಲವು ತಂದೆತಾಯಿಗಳು ಬಂದು ಎಳೆದೊಯ್ದದ್ದೂ ಉಂಟು. ಓದಿಸಲು ಬಂದ ಒಬ್ಬ ತರುಣ ಮೊದಲ ಮೂರು ವಾರ ತನ್ನ ನೀರಿನ ಸೀಸೆಯನ್ನು ತಾನೇ ತರುತ್ತಿದ್ದ. ನಾವು ನೋಡಿಯೂ ಸುಮ್ಮನಿದ್ದೆವು. ನಾಲ್ಕನೆಯ ವಾರ ಒಂದು ಮಗು, "ಅಣ್ಣಾ, ಕಥೆ ಹೇಳಿ ಗಂಟಲು ಒಣಗಿತಲ್ಲ" ಎಂದು ಮನೆಗೆ ಓಡಿ ಚೊಂಬಿನಲ್ಲಿ ನೀರು ತಂದು ಮುಂದೆ ಹಿಡಿಯಿತು. ಆತ ಕುಡಿದ. ಅಸ್ಪೃಶ್ಯತೆಯ ಮೇಲೆ ನಾವು ಮಾಡಿದ ಭಾಷಣಗಳಲ್ಲಿ ಯಾವುದೂ ಆ ಚೊಂಬಿನಷ್ಟು ಕೆಲಸ ಮಾಡಿರಲಾರದು.

ಪಟ್ಟಣದ ಬುದ್ಧಿವಂತರು ಹೇಳುವ ಇನ್ನೊಂದು ಮಾತಿದೆ: ಮೊಬೈಲು ಬಂದ ಮೇಲೆ ಮಕ್ಕಳು ಎಲ್ಲಿ ಓದುತ್ತಾರೆ, ಸ್ವಾಮಿ? ಹೇಳುವವರ ಮನೆಯಲ್ಲಿ ಆಳಿಗೊಂದು ಮೊಬೈಲು ಇರಬಹುದು. ಕೂಲಿಕಾರರ ಮನೆಯಲ್ಲಿ ಅದು ಒಂದೇ ಒಂದು. ಬೆಳಿಗ್ಗೆ ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋದರೆ ರಾತ್ರಿ ಬರುತ್ತದೆ. ಆ ಮಗುವಿಗೆ ಇಲ್ಲದಿರುವುದು ಪುಸ್ತಕ. ಪಾಠಪುಸ್ತಕದ ಹೊರತು ಮತ್ತೊಂದು ಅಚ್ಚಿನ ಹಾಳೆ ಮನೆಯಲ್ಲಿಲ್ಲದ ಮಗು ಓದಲಿಲ್ಲವೆಂದು ಮೊಬೈಲನ್ನು ಬೈಯುವುದು, ಬಾವಿಯೇ ಇಲ್ಲದ ಊರಿನಲ್ಲಿ ಹಗ್ಗ ತುಂಡಾಗಿದೆ ಎಂದಂತೆ.

ಓದಿನ ರುಚಿ ಹತ್ತಿದ ಬಡವರ ಮಕ್ಕಳು ಎಲ್ಲಿಗೆ ಮುಟ್ಟಬಲ್ಲರೆಂಬುದಕ್ಕೆ ಹೊರದೇಶದ ಸಾಕ್ಷ್ಯವೂ ಉಂಟು. ಅನೇಕ ದೇಶಗಳ ಹದಿನೈದು ವರುಷದ ವಿದ್ಯಾರ್ಥಿಗಳನ್ನು 2000ದಲ್ಲಿ ಪೀಸಾ ಎಂಬ ಪರೀಕ್ಷೆಗೆ ಒಳಪಡಿಸಿದರು. ಆ ಫಲಿತಾಂಶವನ್ನು ಕುರಿತು 2002ರಲ್ಲಿ ಹೊರಬಂದ ವರದಿಯಲ್ಲಿ, ಓದಿನಲ್ಲಿ ಆಸಕ್ತಿ ಮುಳುಗಿದ ಕೆಳದರ್ಜೆಯ ಕಸುಬಿನವರ ಮಕ್ಕಳು, ಓದಿನಲ್ಲಿ ಮನಸ್ಸಿಲ್ಲದ ಮೇಲ್ದರ್ಜೆಯ ಕಸುಬಿನವರ ಮಕ್ಕಳಿಗಿಂತ ಸರಾಸರಿಯಲ್ಲಿ ಹೆಚ್ಚು ಅಂಕ ಪಡೆದರೆಂದು ಹೇಳಿದೆ. ಇದನ್ನು ಹಿಡಿದುಕೊಂಡು, ಬಡತನ ಹಾಗೆಯೇ ಇರಲಿ, ಪುಸ್ತಕ ಕೊಟ್ಟರೆ ಸಾಕು ಎಂದು ಯಾರಾದರೂ ಹೊರಟರೆ ಅವರು ನಮ್ಮ ಪಕ್ಷದವರಲ್ಲ. ಹಸಿದ ಹೊಟ್ಟೆ ಎಷ್ಟು ಹೊತ್ತು ಕಥೆ ಕೇಳೀತು? ನಮ್ಮ ಕೂಟಕ್ಕೆ ಬರುವ ಮಕ್ಕಳಲ್ಲಿ ಸುಗ್ಗಿಯ ಕಾಲಕ್ಕೆ ಹಾಜರಿ ಅರ್ಧವಾಗುತ್ತದೆ. ಕಿರಿಯರನ್ನು ಎತ್ತಿಕೊಳ್ಳಲು ಹಿರಿಯಕ್ಕ ಮನೆಯಲ್ಲಿ ಉಳಿಯಬೇಕು. ತಮ್ಮನನ್ನು ಸೊಂಟದ ಮೇಲೆ ಇಟ್ಟುಕೊಂಡೇ ಬಂದು ಓದುವ ಹುಡುಗಿಯರೂ ಇದ್ದಾರೆ. ಅವರನ್ನು ಬರಬೇಡವೆಂದು ಹೇಳುವ ಅಧಿಕಾರ ನಮಗಿಲ್ಲ, ತಮ್ಮ ಎಷ್ಟೇ ಕಿರುಚಲಿ.

ಸಂಗಾತಿಗಳ ಆಕ್ಷೇಪಣೆಯಲ್ಲಿ ಸತ್ಯಾಂಶವಿರುವ ಭಾಗ ಬೇರೊಂದುಂಟು. ಸರ್ಕಾರ ಮಾಡಬೇಕಾದ ಕೆಲಸವನ್ನು ನಾವು ಪುಕ್ಕಟೆಯಾಗಿ ಮಾಡಿಕೊಟ್ಟರೆ ಸರ್ಕಾರ ಕೈತೊಳೆದುಕೊಳ್ಳುವುದಿಲ್ಲವೆ? ತೊಳೆದುಕೊಳ್ಳುತ್ತದೆ, ಬಿಟ್ಟರೆ. ಸ್ವಯಂಸೇವಕರೆಂದರೆ ಅಧಿಕಾರಿಗಳಿಗೆ ಬಲು ಪ್ರೀತಿ. ಸಂಬಳ ಕೇಳುವುದಿಲ್ಲ, ಸಂಘ ಕಟ್ಟುವುದಿಲ್ಲ, ಫೋಟೋಕ್ಕೆ ಮಾತ್ರ ನಿಲ್ಲುತ್ತಾರೆ. ಒಮ್ಮೆ ಅಂಥ ಒಬ್ಬ ಮಹನೀಯರು ನಮ್ಮ ಮಕ್ಕಳ ನಡುವೆ ಕುಳಿತು ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಚಿತ್ರ ತೆಗೆಸಿಕೊಂಡು ಹೋದರು. ಮಕ್ಕಳು ಇವತ್ತಿಗೂ ಆ ಕಥೆ ಹೇಳಿ ನಗುತ್ತಾರೆ.

ಆದರೆ ಕಾನೂನು ಏನು ಹೇಳುತ್ತದೆ? ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ 1965ರದು. ಅದರಂತೆ ಮನೆಕಂದಾಯ ಕಟ್ಟುವವರೆಲ್ಲ ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ಗುಡಿಸಲಿನವರೂ ಕಟ್ಟುತ್ತಾರೆ. ವಸೂಲು ಮಾಡಿದ ಸ್ಥಳೀಯ ಸಂಸ್ಥೆಗಳು ಆ ಹಣವನ್ನು ಗ್ರಂಥಾಲಯಕ್ಕೆ ಸಲ್ಲಿಸದೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡ ಸಂಗತಿ ಪತ್ರಿಕೆಗಳಲ್ಲಿ ಹಲವು ಸಲ ಬಂದಿದೆ. 2019ರಲ್ಲಿ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಿದರು. ಸಂಖ್ಯೆಯಲ್ಲಿ ಅವು ಐದು ಸಾವಿರಕ್ಕೂ ಮಿಕ್ಕು. 2020ರ ಮಕ್ಕಳ ದಿನಾಚರಣೆಯಂದು ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಹೂಡಿ, ಹಳ್ಳಿಯ ಶಾಲಾಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲು ಆರಂಭಿಸಿದರು. ಶಾಲೆಗಳ ಬಾಗಿಲು ಮುಚ್ಚಿದ್ದ ಆ ವರುಷದಲ್ಲಿ ಇದು ಮೆಚ್ಚತಕ್ಕ ಕೆಲಸ. ಮೆಚ್ಚಲು ನಮಗೆ ಸಂಕೋಚವಿಲ್ಲ. ಆದರೆ ಅದನ್ನು ಹೆಗಲ ಮೇಲೆ ಹೊತ್ತ ಗ್ರಂಥಾಲಯ ಮೇಲ್ವಿಚಾರಕರು ವರುಷಗಟ್ಟಲೆ ಅತ್ಯಲ್ಪ ಗೌರವಧನಕ್ಕೆ ದುಡಿದವರು, ಕನಿಷ್ಠ ವೇತನಕ್ಕಾಗಿ ಬೀದಿಗಿಳಿದು ಕೂಗಬೇಕಾದವರು. ಗೌರವಧನ ಎಂಬ ಮಾತಿನಲ್ಲಿ ಗೌರವವೂ ಇಲ್ಲ, ಧನವೂ ಇಲ್ಲ. ಓದಿಸುವ ಸ್ವಯಂಸೇವಕರು ಈ ಮೇಲ್ವಿಚಾರಕರ ಬದಲಿಗೆ ನಿಲ್ಲಬಾರದು, ಜೊತೆಗೆ ನಿಲ್ಲಬೇಕು. ಅವರ ಬೇಡಿಕೆಯ ಪತ್ರಕ್ಕೆ ನಮ್ಮ ಸಹಿಯೂ ಇರಬೇಕು.

ಹೀಗೆ ಎರಡು ಕೈಯಿಂದಲೂ ಮಾಡಬೇಕಾದ ಕೆಲಸವಿದು. ನಮಗಿಂತ ಮುಂಚಿನವರು ಹಾಗೆಯೇ ಮಾಡಿದ್ದಾರೆ. ಬರೋಡಾದ ಸಯಾಜಿರಾವ್ ಮಹಾರಾಜರು 1910ರ ಹೊತ್ತಿಗೇ ರಾಜ್ಯದ ಖರ್ಚಿನಿಂದ ಹಳ್ಳಿಹಳ್ಳಿಗೆ ಪುಸ್ತಕದ ಪೆಟ್ಟಿಗೆಗಳನ್ನು ಕಳಿಸುವ ಏರ್ಪಾಡಿಗೆ ಕೈ ಹಾಕಿದರು. ರಾಜನಾದರೇನು, ಮಾಡಿದ ಕೆಲಸ ಒಳ್ಳೆಯದು. ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ 1931ರಲ್ಲಿ ಎತ್ತಿನ ಗಾಡಿಯ ಮೇಲೆ ಗ್ರಂಥಾಲಯ ಹೊರಟಿತು, ಗ್ರಂಥಾಲಯಶಾಸ್ತ್ರದ ಎಸ್. ಆರ್. ರಂಗನಾಥನ್ ಅದನ್ನು ಆರಂಭಿಸಿಕೊಟ್ಟರು. ಕೇರಳದಲ್ಲಿ ಪಿ. ಎನ್. ಪಣಿಕ್ಕರ್ 1945ರಲ್ಲಿ ಊರೂರಿನ ಗ್ರಂಥಾಲಯಗಳ ಸಂಘ ಕಟ್ಟಿ, ಅದು ಮುಂದೆ ಇಡೀ ರಾಜ್ಯದ ಚಳವಳಿಯಾಯಿತು. ನಮ್ಮಲ್ಲಿ ಗಳಗನಾಥರು ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದರು. ಪಂಜೆ ಮಂಗೇಶರಾಯರು ಶಾಲಾ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಮಕ್ಕಳಿಗೆ ಬರೆದರು. ಶಿವರಾಮ ಕಾರಂತರು ಜಗತ್ತಿನ ಸಂಗತಿಗಳನ್ನೆಲ್ಲ ಮಕ್ಕಳಿಗೆ ತಿಳಿಸಲು ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಒಬ್ಬರೇ ಕುಳಿತು ಸಿದ್ಧಪಡಿಸಿದರು.

ಇವರೆಲ್ಲ ವಿದ್ಯಾವಂತರು, ಅವರಿಗೆ ಸಾಧ್ಯವಾಯಿತು ಎನ್ನುವವರುಂಟು. ಮೈಸೂರಿನ ಸಯ್ಯದ್ ಇಸಾಕರು ದಿನಗೂಲಿಯವರು. ತಮಗೆ ಶಾಲೆ ದಕ್ಕಲಿಲ್ಲವೆಂಬ ಕಾರಣಕ್ಕಾಗಿಯೇ ಬಡಾವಣೆಯ ಜನರಿಗಾಗಿ ಕನ್ನಡ ಗ್ರಂಥಾಲಯ ನಡೆಸಿದರು. 2021ರ ಏಪ್ರಿಲ್‌ನಲ್ಲಿ ಅದು ಬೆಂಕಿಗೆ ಆಹುತಿಯಾದಾಗ ನಾಡಿನ ಎಲ್ಲ ಕಡೆಯಿಂದ ಜನ ಪುಸ್ತಕ ಕೊಡಲು ಮುಂದೆ ಬಂದರು. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ, ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಂಕೇಗೌಡರು ತಮ್ಮ ಸಂಪಾದನೆಯನ್ನು ಸುರಿದು ಲಕ್ಷಗಟ್ಟಲೆ ಪುಸ್ತಕ ಕೂಡಿಸಿ ಎಲ್ಲರಿಗೂ ತೆರೆದಿಟ್ಟರು. ದುಡಿಯುವ ಜನ ಪುಸ್ತಕದ ಬೆಲೆ ಅರಿಯರೆಂದು ಹೇಳುವವರು ಒಮ್ಮೆ ಅಲ್ಲಿಗೆ ಹೋಗಿ ಬರಲಿ.

ನಮ್ಮ ಕೂಟದ ಇಂದಿನ ಅಡಚಣೆಗಳು ಇಷ್ಟು ದೊಡ್ಡವಲ್ಲ. ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಬಿಸಿಲು ಕಂಡ ದಿನ ಮಕ್ಕಳೇ ಅಂಗಳದಲ್ಲಿ ಹಪ್ಪಳದಂತೆ ಹರವುತ್ತಾರೆ. ಹರಿದ ಪುಸ್ತಕಕ್ಕೆ ಮೈದಾ ಅಂಟು, ದಪ್ಪ ದಾರ, ಹಳೆಯ ಕ್ಯಾಲೆಂಡರಿನ ರಟ್ಟು. ಹರಿದುದಕ್ಕೆ ಯಾರನ್ನೂ ಬೈಯುವುದಿಲ್ಲ, ಹರಿಯದೆ ಉಳಿದ ಪುಸ್ತಕವನ್ನು ಯಾರೂ ಓದಿಲ್ಲವೆಂದೇ ಅರ್ಥ. ಮನೆಗೆ ಕೊಟ್ಟವುಗಳಲ್ಲಿ ಹಿಂದಿರುಗದವು ಬಹಳ ಕಡಮೆ. ಕೊರತೆಯಿರುವುದು ಓದಿಸುವವರದು. ಐವತ್ತು ಮಕ್ಕಳಿಗೆ ನಾಲ್ವರಿದ್ದೇವೆ. ಎಂಟು ಜನ ಬೇಕು. ನಿವೃತ್ತ ಮೇಷ್ಟರುಗಳು, ಮನೆಯಲ್ಲಿರುವ ಓದುಬರಹ ಬಲ್ಲ ಹೆಣ್ಣುಮಕ್ಕಳು, ಭಾನುವಾರ ಬಿಡುವಿರುವ ಬಸ್ಸಿನ ನೌಕರರು, ಯಾರಾದರೂ ಸರಿ. ಬರುವವರು ಒಂದು ವರುಷ ಬಿಡದೆ ಬರುವೆನೆಂದು ಒಪ್ಪಿ ಬರಬೇಕು. ಎರಡು ವಾರ ಬಂದು ಕಣ್ಮರೆಯಾಗುವವರನ್ನು ಮಕ್ಕಳು ಬಾಗಿಲಲ್ಲಿ ನಿಂತು ಕಾಯುತ್ತಾರೆ, ಅದನ್ನು ನೋಡಲಾಗುವುದಿಲ್ಲ.

ಜೊತೆಗೆ, ನಿಮ್ಮ ಊರಿನಲ್ಲಿ ಗ್ರಾಮಸಭೆ ಸೇರಿದಾಗ ಎದ್ದು ನಿಂತು ಮೂರು ಪ್ರಶ್ನೆ ಕೇಳಿ. ಕಳೆದ ವರುಷ ಮನೆಕಂದಾಯದ ಜೊತೆ ವಸೂಲಾದ ಗ್ರಂಥಾಲಯ ಕರ ಎಷ್ಟು? ಅದರಲ್ಲಿ ಮಕ್ಕಳ ಪುಸ್ತಕಕ್ಕೆ ಖರ್ಚಾದದ್ದು ಎಷ್ಟು? ಗ್ರಂಥಾಲಯದ ಬಾಗಿಲು ದಿನಕ್ಕೆ ಎಷ್ಟು ಗಂಟೆ ತೆರೆದಿರುತ್ತದೆ, ಕೇರಿಯ ಎಷ್ಟು ಮಕ್ಕಳು ಅಲ್ಲಿ ಸದಸ್ಯರು? ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿಯನ್ನು ನಮಗೆ ಕಳಿಸಿಕೊಡಿ. ಪಂಚಾಯಿತಿಯ ಹೆಸರು ಹಾಕಿ ಈ ಪುಟದಲ್ಲಿಯೇ ಅಚ್ಚು ಹಾಕುತ್ತೇವೆ.